ಬೇಲಿಯೂ ಬೆಳೆಯೂ: ಅಬ್ಬೆ ದುಬ್ವಾ ಅವರ ಜೀವನ

ಮಲೆನಾಡಿನಲ್ಲಿ ತೋಟ ಮಾಡುವವನು ಸಸಿ ನೆಡುವುದಕ್ಕೆ ಮೊದಲೇ ಬೇಲಿಯ ಯೋಚನೆ ಮಾಡುತ್ತಾನೆ. ದನ ನುಗ್ಗಬಾರದು, ಕಾಡುಹಂದಿ ಬುಡ ಕೆದಕಬಾರದು ಎಂದು ಮುಳ್ಳು ಕಡಿದು ಹಾಸಿ, ಗೂಟ ನೆಟ್ಟು, ವರ್ಷ ವರ್ಷವೂ ಸರಿಪಡಿಸುತ್ತಾನೆ. ಆದರೂ ನಮ್ಮ ಹಿರಿಯರು ಒಂದು ಎಚ್ಚರಿಕೆಯ ಗಾದೆಯನ್ನು ಬಿಟ್ಟುಹೋಗಿದ್ದಾರೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಮನುಷ್ಯನ ಆತ್ಮಜೀವನಕ್ಕೂ ಈ ಮಾತು ಸಲ್ಲುತ್ತದೆ. ಹೊರಗಿನಿಂದ ಬರುವ ಕೇಡನ್ನು ತಡೆಯಲು ನಾವು ಕಟ್ಟಿಕೊಂಡ ಬೇಲಿಗಳು ಅನೇಕ. ಆದರೆ ಕೇಡು ಬೇಲಿಯ ಒಳಗಿನಿಂದಲೇ, ನಮ್ಮವರಿಂದಲೇ, ಕಡೆಗೆ ನಮ್ಮ ಮನಸ್ಸಿನಿಂದಲೇ ಹುಟ್ಟಿದರೆ ಏನು ಮಾಡಬೇಕು? ಈ ಪ್ರಶ್ನೆಯನ್ನು ತಮ್ಮ ಬಾಳಿನಲ್ಲಿಯೇ ಎದುರಿಸಿದ ಒಬ್ಬ ಕ್ರೈಸ್ತ ಪಾದ್ರಿಗಳ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ನಮ್ಮ ಮೂರು ತಾಲ್ಲೂಕುಗಳಲ್ಲಿ ಇಂತಹ ಕಥೆಗೆ ಕೇಳುಗರು ಕಡಿಮೆಯಾಗಲಾರರು. ಶೃಂಗೇರಿಯಲ್ಲಿ ಶಾರದೆಯ ಪೀಠವಿದೆ, ಹಿಂದೆ ಎಡೇಹಳ್ಳಿ ಎನಿಸಿಕೊಂಡಿದ್ದ ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಬಸದಿಯಿದೆ, ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಮಾತಿನ ಕ್ಯಾಥೊಲಿಕರೂ ಕೇರಳದಿಂದ ಬಂದ ಸಿರಿಯನ್ ಕ್ರೈಸ್ತರೂ ಕೊಪ್ಪ, ನರಸಿಂಹರಾಜಪುರಗಳ ಕಡೆ ತೋಟ ಮಾಡಿಕೊಂಡು ನೆಲೆಸಿದ್ದಾರೆ, ಮಸೀದಿಗಳೂ ಇವೆ. ಈ ಎಲ್ಲ ಮನೆಗಳ ಮಕ್ಕಳು ಒಂದೇ ಕಾಲೇಜಿನ ಬೆಂಚುಗಳ ಮೇಲೆ ಒಟ್ಟಿಗೆ ಕುಳಿತು ಓದುತ್ತೇವೆ. ತನ್ನ ಧರ್ಮವನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ಚಿಂತೆ ಇವುಗಳಲ್ಲಿ ಯಾವ ಮನೆಗೂ ಹೊಸದಲ್ಲ.

ಆ ಪಾದ್ರಿಗಳ ಹೆಸರು ಜಾನ್ ಆಂಟ್ವಾನ್ ದುಬ್ವಾ. ನಮ್ಮಲ್ಲಿ ಅನೇಕರು ಅವರನ್ನು ಅಬ್ಬೆ ದುಬಾಯ್ ಎಂದು ಬರೆಯುತ್ತಾರೆ. ನಮ್ಮ ಕಡೆಯ ಹಳೆಯ ಮಾತಿನಲ್ಲಿ ಅಬ್ಬೆ ಎಂದರೆ ತಾಯಿ. ಫ್ರೆಂಚರಲ್ಲಿಯಾದರೋ ಅದು ತಂದೆ ಎಂಬ ಅರ್ಥದ ಮಾತಿನಿಂದ ಬಂದು ಪಾದ್ರಿಗಳಿಗೆ ಸಲ್ಲುವ ಗೌರವದ ಹೆಸರು. ಕನ್ನಡದ ಕ್ರೈಸ್ತರು ಅವರನ್ನು ಎರಡನ್ನೂ ಬಿಟ್ಟು ದೊಡ್ಡ ಸ್ವಾಮಿಯವರು ಎಂದು ಕರೆದರು.

ದುಬ್ವಾ ಅವರು 1765-66ರ ಸುಮಾರಿಗೆ ದಕ್ಷಿಣ ಫ್ರಾನ್ಸಿನ ಸೇಂಟ್ ರೆಮೆಜ್ ಎಂಬ ಊರಿನಲ್ಲಿ ಹುಟ್ಟಿದರು. ಅವರು ಯೌವನಕ್ಕೆ ಬರುವ ವೇಳೆಗೆ ಫ್ರಾನ್ಸಿನಲ್ಲಿ ಮಹಾಕ್ರಾಂತಿಯ ಬೆಂಕಿ ಹೊತ್ತಿಕೊಂಡಿತ್ತು. ಹಸಿದವರ ಸಿಟ್ಟು ರಾಜನ ಮೇಲೂ ಶ್ರೀಮಂತರ ಮೇಲೂ ತಿರುಗಿದಂತೆ ಚರ್ಚಿನ ಮೇಲೂ ತಿರುಗಿತು. ಚರ್ಚಿನ ಆಸ್ತಿಯನ್ನು ಸರಕಾರ ವಶಪಡಿಸಿಕೊಂಡಿತು. ಪಾದ್ರಿಗಳು ಹೊಸ ವ್ಯವಸ್ಥೆಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು 1790ರಲ್ಲಿ ಕಟ್ಟಳೆಯಾಯಿತು. ಪ್ರಮಾಣ ಮಾಡಿದರೆ ಅಂತರಾತ್ಮಕ್ಕೆ ವಿರೋಧ. ಮಾಡದಿದ್ದರೆ ಪ್ರಾಣಕ್ಕೆ ಅಪಾಯ. 1792ರ ಸೆಪ್ಟೆಂಬರಿನಲ್ಲಿ ಪ್ಯಾರಿಸಿನ ಸೆರೆಮನೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಪಾದ್ರಿಗಳು ಕೊಲೆಯಾದರು. ಅದೇ ವರ್ಷ ಗುರುದೀಕ್ಷೆ ಪಡೆದ ದುಬ್ವಾ ಅವರು ಪ್ಯಾರಿಸಿನ ವಿದೇಶೀ ಮಿಷನ್ ಸಂಸ್ಥೆಯ ಪರವಾಗಿ ಭಾರತಕ್ಕೆ ಹಡಗು ಹತ್ತಿದರು. ತಾಯ್ನಾಡಿನಲ್ಲಿ ನಿಂತಿದ್ದರೆ ತಮ್ಮ ಗೆಳೆಯರ ಗತಿಯೇ ತಮಗೂ ಆಗುತ್ತಿತ್ತೆಂದೂ, ತಾವು ಆ ಭಯಂಕರದಿಂದ ತಪ್ಪಿಸಿಕೊಂಡು ಬಂದವರೆಂದೂ ಮುಂದೆ ಅವರೇ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಇದರ ಪ್ರಯೋಜನ ಮುಂದೆ ತಿಳಿಯುತ್ತದೆ.

ಪಾಂಡಿಚೇರಿಗೆ ಬಂದ ತರುಣ ಪಾದ್ರಿಗಳು ಮೊದಲ ಕೆಲವು ವರ್ಷಗಳನ್ನು ತಮಿಳುನಾಡಿನ ಹಳ್ಳಿಗಳಲ್ಲಿ ಕಳೆದರು. ಅಲ್ಲಿಯೇ ಅವರು ಒಂದು ನಿಶ್ಚಯ ಮಾಡಿದರು. ಐರೋಪ್ಯರ ಉಡುಪನ್ನು ಬಿಟ್ಟು ಈ ನಾಡಿನ ಉಡುಪನ್ನು ತೊಟ್ಟರು. ಗಡ್ಡ ಬಿಟ್ಟು, ತಲೆಗೆ ಪೇಟ ಸುತ್ತಿ, ಕೈಯಲ್ಲಿ ಬಿದಿರುಕೋಲು ಹಿಡಿದರು. ಜನರು ಹೇಸುವ ಆಹಾರವನ್ನು ದೂರವಿಟ್ಟರು. ನೆಲದ ಮೇಲೆ ಕುಳಿತರು, ಹಳ್ಳಿಗರ ಜಗುಲಿಯಲ್ಲಿ ಮಲಗಿದರು. ಐರೋಪ್ಯರ ಸಹವಾಸವನ್ನು ಆದಷ್ಟು ಕಡಿಮೆ ಮಾಡಿಕೊಂಡರು. ಅನ್ಯಮತದವರ ನಡುವೆ ಬಾಳುವ ಪಾದ್ರಿಗಳು ತಮ್ಮ ಮತಕ್ಕೆ ಅಪಾಯವೆಂದು ಹೆದರಿ ಅವರಿಂದ ದೂರವಿರುವುದು ಸಹಜವೆಂದು ನಾವು ತಿಳಿಯುತ್ತೇವೆ. ದುಬ್ವಾ ಅವರು ಮಾಡಿದುದು ಇದಕ್ಕೆ ತಲೆಕೆಳಗು. ಅವರು ನೆರೆಯವರ ನಡುವೆ ನಿರ್ಭಯವಾಗಿ ಬಾಳಿ, ಸ್ವಮತದವರ ಸಹವಾಸಕ್ಕೆ ಬೇಲಿ ಹಾಕಿಕೊಂಡರು. ಇದರ ಕಾರಣವನ್ನು ತಿಳಿಯಬೇಕಾದರೆ ಅವರು ಕನ್ನಡ ನಾಡಿಗೆ ಬಂದ ಸಂದರ್ಭವನ್ನು ನೋಡಬೇಕು.

ಅಂದಿನ ಮೈಸೂರು ಸೀಮೆಯಲ್ಲಿ ಎಲ್ಲ ಧರ್ಮದವರಿಗೂ ಕಷ್ಟಕಾಲ. ನಮಗೆ ಹತ್ತಿರದ ಶೃಂಗೇರಿಯ ಕಥೆಯನ್ನೇ ತೆಗೆದುಕೊಳ್ಳೋಣ. 1791ರಲ್ಲಿ ಟೀಪು ಸುಲ್ತಾನನ ಮೇಲೆ ದಂಡೆತ್ತಿ ಬಂದಿದ್ದ ಮರಾಠರ ಸೈನ್ಯದ ಕುದುರೆ ಸವಾರರು ಶೃಂಗೇರಿಗೆ ನುಗ್ಗಿ ಮಠವನ್ನು ಸೂರೆ ಮಾಡಿದರು. ಜಗದ್ಗುರುಗಳು ಕಾರ್ಕಳಕ್ಕೆ ಹೋಗಿ ನೆಲೆಸಬೇಕಾಯಿತು. ಸೂರೆ ಮಾಡಿದ ದಂಡು ಅದೇ ಶಾರದೆಗೆ ಕೈಮುಗಿಯುವವರ ದಂಡು. ದೇವಸ್ಥಾನದ ಪುನಃಪ್ರತಿಷ್ಠೆಗೆ ಹಣ ಕಳುಹಿಸಿದವನು ಟೀಪು ಸುಲ್ತಾನ. ಅವನು ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ ಪತ್ರಗಳನ್ನು 1916ರಲ್ಲಿ ಆರ್. ನರಸಿಂಹಾಚಾರ್ಯರು ಮಠದಲ್ಲಿ ಕಂಡು ಲೋಕಕ್ಕೆ ತಿಳಿಸಿದರು.

ಆದರೆ ಅದೇ ಸುಲ್ತಾನನ ಕೈಯಲ್ಲಿ ಘಟ್ಟದ ಕೆಳಗಿನ ಕ್ರೈಸ್ತರು ಪಟ್ಟ ಪಾಡು ಬೇರೆ. ಅವರು ಇಂಗ್ಲಿಷರಿಗೆ ನೆರವಾದರೆಂಬ ಸಂಶಯದಿಂದ 1784ರಲ್ಲಿ ಮಂಗಳೂರಿನ ಸೀಮೆಯ ಕ್ಯಾಥೊಲಿಕರನ್ನು ಹತ್ತಾರು ಸಾವಿರ ಸಂಖ್ಯೆಯಲ್ಲಿ ಸೆರೆಹಿಡಿದು, ಮಕ್ಕಳು ಮುದುಕರೆನ್ನದೆ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ದಾರಿಯಲ್ಲಿ ಸತ್ತವರು ಬಹಳ. ಅವರ ಚರ್ಚುಗಳನ್ನು ಕೆಡವಲಾಯಿತು. ಪಾದ್ರಿಗಳನ್ನು ನಾಡಿನಿಂದ ಹೊರಗಟ್ಟಲಾಯಿತು. ಸೆರೆಯಲ್ಲಿದ್ದ ಅನೇಕ ಗಂಡಸರನ್ನು ಬಲವಂತದಿಂದ ಮತಾಂತರ ಮಾಡಿ ಸೈನ್ಯಕ್ಕೆ ಸೇರಿಸಲಾಯಿತು. ಒಬ್ಬನೇ ಅರಸನ ಆಳಿಕೆಯ ಈ ಎರಡು ಮುಖಗಳಲ್ಲಿ ಒಂದನ್ನು ಮರೆಸಿ ಇನ್ನೊಂದನ್ನು ಹೇಳಿದರೆ ಚರಿತ್ರೆಗೆ ಅಪಚಾರ. ನಾವು ಎರಡನ್ನೂ ನೋಡಬೇಕು.

ಈ ಸೆರೆ 15 ವರ್ಷ ನಡೆಯಿತು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದು ಟೀಪು ಮಡಿದ ಮೇಲೆ ಬಾಗಿಲುಗಳು ತೆರೆದವು. ಕೆಲವರು ಕರಾವಳಿಗೆ ಹಿಂದಿರುಗಿದರು. ಉಳಿದವರಿಗೆ ಮನೆಯಿಲ್ಲ, ಹೊಲವಿಲ್ಲ, ಗುರುವಿಲ್ಲ. ತಾವು ಇನ್ನೂ ಕ್ರೈಸ್ತರೇ ಅಲ್ಲವೇ ಎಂಬುದೂ ತಿಳಿಯದು. ಚದುರಿಹೋದ ಈ ಸಮಾಜವನ್ನು ಮತ್ತೆ ಕಟ್ಟಲು ದುಬ್ವಾ ಅವರನ್ನು ಕರೆಸಲಾಯಿತು. ಇದಕ್ಕೆ ಶಿಫಾರಸು ಮಾಡಿದವನು ಅಂದು ಕರ್ನಲ್ ಆಗಿದ್ದು ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಎಂದು ಪ್ರಸಿದ್ಧನಾದ ಆರ್ಥರ್ ವೆಲ್ಲೆಸ್ಲಿ.

ದುಬ್ವಾ ಅವರ ಮುಂದೆ ನಿಂತವರು ಬಲವಂತಕ್ಕೆ ಮಣಿದು ಮತವನ್ನು ಬಿಟ್ಟಿದ್ದವರು. ಅವರಿಗೆ ಚರ್ಚಿನ ಬಾಗಿಲು ತೆರೆಯಬೇಕೆ, ಮುಚ್ಚಬೇಕೆ? ಕತ್ತಿಯ ಮುಂದೆ ಬಾಯಿ ಹೇಳಿದ ಮಾತನ್ನು ಹೃದಯದ ಮಾತೆಂದು ಎಣಿಸಬಹುದೆ? ದುಬ್ವಾ ಅವರು ಬಾಗಿಲು ತೆರೆದರು. ಹಿಂದಿರುಗಿ ಬಂದವರನ್ನು ಸೇರಿಸಿಕೊಂಡರು. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಇಂದಿಗೂ ಅವರ ಹೆಸರಿನಿಂದ ಕರೆಯುವ ಚರ್ಚು ಆ ದಿನಗಳ ಗುರುತಾಗಿ ನಿಂತಿದೆ.

ಆದರೆ ಅವರ ಮನಸ್ಸು ಅವರ ಕೈಯಷ್ಟು ಉದಾರವಾಗಿರಲಿಲ್ಲ. ಅಷ್ಟು ಸಾವಿರ ಮಂದಿಯಲ್ಲಿ ಒಬ್ಬನಾದರೂ ಧರ್ಮಕ್ಕಾಗಿ ಪ್ರಾಣ ಕೊಡಲು ಮುಂದಾಗಲಿಲ್ಲವೆಂದು ಅವರು ಬಹು ಕಟುವಾಗಿ ಬರೆದರು. ಅದು ಕ್ರೈಸ್ತ ಲೋಕಕ್ಕೇ ನಾಚಿಕೆಯೆಂಬುದು ಅವರ ಅಭಿಪ್ರಾಯ. ಇಲ್ಲಿ ನಾವು ಮೊದಲು ಹೇಳಿದ ಸಂಗತಿಯನ್ನು ನೆನೆಯಬೇಕು. ಹೀಗೆ ಬರೆದವರು ಪ್ಯಾರಿಸಿನ ಕೊಲೆಗಡುಕರ ಕೈಗೆ ಸಿಗದೆ ಸಮುದ್ರ ದಾಟಿ ಬಂದವರು. ಅವರು ಹಡಗು ಹತ್ತಿದುದು ತಪ್ಪೆಂದು ನಾವು ಹೇಳುವುದಿಲ್ಲ. ಬದುಕಿ ಸೇವೆ ಮಾಡುವುದೂ ಧರ್ಮವೇ. ಆದರೆ ಮಂಗಳೂರಿನ ಒಕ್ಕಲಿಗೆ ಹತ್ತಲು ಹಡಗಿರಲಿಲ್ಲ. ಹೆಂಡಿರು ಮಕ್ಕಳ ಕೈಹಿಡಿದು ಘಟ್ಟ ಹತ್ತಿದವನಿಗೂ ಒಂಟಿಯಾಗಿ ಹಡಗು ಹತ್ತಿದವರಿಗೂ ಒಂದೇ ತಕ್ಕಡಿ ಹಿಡಿಯುವುದು ನ್ಯಾಯವಲ್ಲ. ತಾನು ತಪ್ಪಿಸಿಕೊಂಡ ಪರೀಕ್ಷೆಯಲ್ಲಿ ಇನ್ನೊಬ್ಬನು ಸೋತನೆಂದು ಹಳಿಯುವುದು ಧರ್ಮನಿಷ್ಠರನ್ನು ಬಹು ಸುಲಭವಾಗಿ ಹಿಡಿಯುವ ರೋಗ. ಹೊರಗಿನ ಶತ್ರುವನ್ನು ಕಾಯುತ್ತ ನಿಂತವನ ಬೆನ್ನ ಹಿಂದೆ ಈ ರೋಗ ಒಳಕ್ಕೆ ಬರುತ್ತದೆ. ದುಬ್ವಾ ಅವರಂತಹವರಿಗೂ ಇದರಿಂದ ಪೂರ್ತಿಯಾಗಿ ತಪ್ಪಿಸಿಕೊಳ್ಳಲಾಗಲಿಲ್ಲ. ಆದರೂ ಕಟುವಾಗಿ ಬರೆದ ಕೈಯೇ ಬಾಗಿಲು ತೆರೆದ ಕೈ ಎಂಬುದನ್ನು ನಾವು ಮರೆಯಬಾರದು.

ಹಿಂದಿರುಗಿ ಬಂದವರಿಗೆ ಪ್ರಾರ್ಥನೆಯಷ್ಟೇ ಸಾಲದು, ಅನ್ನವೂ ಬೇಕೆಂಬುದು ಅವರಿಗೆ ಬೇಗನೆ ತಿಳಿಯಿತು. ಬಡತನ ಮನುಷ್ಯನನ್ನು ಯಾರ ಬಾಗಿಲಿಗಾದರೂ ಒಯ್ಯುತ್ತದೆ. ಆದುದರಿಂದ ಅವರು ಬಡ ಕ್ರೈಸ್ತರಿಗಾಗಿ ಬೇಸಾಯದ ಹಳ್ಳಿಗಳನ್ನು ಏರ್ಪಡಿಸಿದರು. ಹಾಸನದ ಕಡೆಯ ಸಾತಳ್ಳಿ ಇವುಗಳಲ್ಲಿ ಮುಖ್ಯವಾದುದು. ಉಳಲು ನೆಲ, ಬಿತ್ತಲು ಬೀಜ, ಪಕ್ಕದಲ್ಲಿ ಪ್ರಾರ್ಥನೆಯ ಮನೆ, ಇಷ್ಟಾದರೆ ಧರ್ಮ ತಾನಾಗಿ ಬೇರೂರುತ್ತದೆಂಬುದು ಅವರ ಏರ್ಪಾಡಿನ ಸಾರ.

ಆ ಕಾಲದಲ್ಲಿ ಸಿಡುಬು ಹಳ್ಳಿ ಹಳ್ಳಿಗಳನ್ನೇ ಬರಿದು ಮಾಡುತ್ತಿತ್ತು. ಇಂಗ್ಲೆಂಡಿನ ಜೆನ್ನರ್ ಎಂಬ ವೈದ್ಯರು ಹಸುವಿನ ಸಿಡುಬಿನ ದ್ರವದಿಂದ ದೇವಿ ಹಾಕುವ ಕ್ರಮವನ್ನು 1798ರಲ್ಲಿ ಪ್ರಕಟಿಸಿದರು. 1802ರಲ್ಲಿ ಅದು ಬೊಂಬಾಯಿಗೆ ಮುಟ್ಟಿತು. ಪರದೇಶದ ಈ ಉಪಾಯವನ್ನು ಜನ ನಂಬುವುದು ಹೇಗೆ? ಸಿಡುಬನ್ನು ಅಮ್ಮನೆಂದು ಪೂಜಿಸುವವರ ತೋಳಿಗೆ ಸೂಜಿ ಚುಚ್ಚುವುದು ಸುಲಭವಲ್ಲ. ದುಬ್ವಾ ಅವರು ಈ ಕೆಲಸವನ್ನು ಕೈಗೆತ್ತಿಕೊಂಡರು. 1803-04ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ ಮೈಸೂರು ಸೀಮೆಯಲ್ಲಿ ದೇವಿ ಹಾಕಿಸಿಕೊಂಡವರ ಲೆಕ್ಕ 25,432. ಜಗುಲಿಯ ಮೇಲೆ ಜೊತೆಗೆ ಕುಳಿತು ಸಂಪಾದಿಸಿದ ನಂಬಿಕೆಯ ಫಲವಿದು. ನೆರೆಯವರಿಂದ ದೂರ ಸರಿದು ತಮ್ಮ ಪಾವಿತ್ರ್ಯವನ್ನು ಕಾಪಾಡಿಕೊಳ್ಳಲು ಅವರು ಹೊರಟಿದ್ದರೆ ಇಷ್ಟು ತೋಳುಗಳು ಅವರ ಮುಂದೆ ಚಾಚುತ್ತಿರಲಿಲ್ಲ.

ಅವರ ಕೀರ್ತಿಯೆಲ್ಲ ನಿಂತಿರುವುದು ಒಂದು ಪುಸ್ತಕದ ಮೇಲೆ. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಆ ಫ್ರೆಂಚ್ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ನೋಡಿ ಮೆಚ್ಚಿದರು. ಮದರಾಸಿನ ಗವರ್ನರ್ ಲಾರ್ಡ್ ವಿಲಿಯಂ ಬೆಂಟಿಂಕ್ ಅದನ್ನು ಈಸ್ಟ್ ಇಂಡಿಯಾ ಕಂಪನಿಗಾಗಿ 2,000 ವರಹಗಳಿಗೆ ಕೊಂಡರು. 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಅಚ್ಚಾಯಿತು. ಲೇಖಕರು ತಿದ್ದಿ ಬೆಳೆಸಿದ ಫ್ರೆಂಚ್ ಮೂಲ 1825ರಲ್ಲಿ ಹೊರಬಂದಿತು. ನೂರಾರು ಮಂದಿ ಐರೋಪ್ಯರು ಭಾರತವನ್ನು ಈ ಪುಸ್ತಕದ ಕಿಟಕಿಯಿಂದಲೇ ನೋಡಿದರು. ಅದರಲ್ಲಿ ಸೂಕ್ಷ್ಮವಾದ ಅವಲೋಕನವಿದೆ. ಜೊತೆಗೆ ನಮ್ಮ ಜನರ ಬಗ್ಗೆ ಒಪ್ಪಲಾಗದ ಕಟುವಾದ ತೀರ್ಪುಗಳೂ ಇವೆ.

ಆದರೆ ಇನ್ನೊಂದು ಸಂಗತಿ ಬೆಳಕಿಗೆ ಬರಲು ಬಹಳ ಕಾಲ ಹಿಡಿಯಿತು. ಸಿಲ್ವಿಯಾ ಮುರ್ ಎಂಬ ಫ್ರೆಂಚ್ ವಿದುಷಿ 1987ರಲ್ಲಿ ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು. ದುಬ್ವಾ ಅವರ ಪುಸ್ತಕದ ಬಹು ಭಾಗಕ್ಕೆ ಆಧಾರವಾದುದು ಪಾಂಡಿಚೇರಿಯಲ್ಲಿದ್ದ ಕೇರ್ದು ಎಂಬ ಹಿರಿಯ ಜೆಸುಯಿಟ್ ಪಾದ್ರಿಗಳ ಬರಹವೆಂದು ಅವರು ತೋರಿಸಿಕೊಟ್ಟರು. ಸಂಸ್ಕೃತಕ್ಕೂ ಲ್ಯಾಟಿನ್ ಗ್ರೀಕ್ ಭಾಷೆಗಳಿಗೂ ಇರುವ ನಂಟನ್ನು ಮೊದಲೇ ಗುರುತಿಸಿದ್ದ ಆ ಪಂಡಿತರು 1779ರಲ್ಲಿ ತೀರಿಕೊಂಡಿದ್ದರು. ದುಬ್ವಾ ಅವರು ಸತ್ತವರ ಬೆಳೆಯನ್ನು ಕೊಯ್ದು ಅವರ ಹೆಸರನ್ನು ಹೇಳಲಿಲ್ಲ. ಹಣದ ಆಸೆ, ಸುಖದ ಆಸೆ, ಉಡುಪಿನ ಆಸೆಗಳನ್ನು ಗೆದ್ದವರ ಬೇಲಿಯಲ್ಲಿಯೂ ಹೀಗೆ ಒಂದು ಕಂಡಿ ಉಳಿದಿತ್ತು. ಓದುವವರೂ ಬರೆಯುವವರೂ ಆದ ನಮಗೆ ಈ ಕಂಡಿ ಬಹು ಹತ್ತಿರದ್ದು. ಪರೀಕ್ಷೆಯ ಕೊಠಡಿಯಿಂದ ಹಿಡಿದು ಪ್ರಬಂಧ ಬರೆಯುವ ಮೇಜಿನವರೆಗೆ ಅದು ನಮ್ಮ ಪಕ್ಕದಲ್ಲಿಯೇ ಇರುತ್ತದೆ.

ವರ್ಷಗಳು ಕಳೆದಂತೆ ದುಬ್ವಾ ಅವರ ಮನಸ್ಸಿಗೆ ನಿರಾಶೆ ಕವಿಯಿತು. ಇಷ್ಟು ಕಾಲ ದುಡಿದು ತಾವು ಕ್ರೈಸ್ತಮತಕ್ಕೆ ತಂದವರು ಇನ್ನೂರು ಮುನ್ನೂರು ಮಂದಿ. ಅವರಲ್ಲಿಯೂ ಬಹುಪಾಲು ದಿಕ್ಕಿಲ್ಲದ ಬಡವರು ಎಂದು ಅವರು ಲೆಕ್ಕ ಕೊಟ್ಟರು. 1823ರಲ್ಲಿ ಲಂಡನ್ನಿನಲ್ಲಿ ಅವರ ಪತ್ರಗಳ ಸಂಗ್ರಹವೊಂದು ಪ್ರಕಟವಾಯಿತು. ಹಿಂದೂಗಳನ್ನು ಮತಾಂತರಿಸುವುದು ಆಗದ ಕೆಲಸವೆಂದು ಅದರಲ್ಲಿ ಅವರು ವಾದಿಸಿದ್ದರು. ಮಿಷನರಿಗಳ ವಲಯದಲ್ಲಿ ಕೋಲಾಹಲವೆದ್ದಿತು. ಮರುವರ್ಷವೇ ಜೇಮ್ಸ್ ಹಫ್ ಎಂಬ ಇಂಗ್ಲಿಷ್ ಪಾದ್ರಿಗಳು ಪುಸ್ತಕರೂಪದ ಉತ್ತರವನ್ನು ಕೊಟ್ಟರು.

ಆ ಪತ್ರಗಳಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದ ಒಂದು ವಿಚಾರವಿದೆ. ಈ ನಾಡಿನಲ್ಲಿ ಕ್ರೈಸ್ತಧರ್ಮ ಸೊರಗಿದುದೇಕೆ? ಬ್ರಾಹ್ಮಣರ ವಿರೋಧ, ಜಾತಿಯ ಕಟ್ಟು ಮೊದಲಾದ ಕಾರಣಗಳನ್ನು ಅವರು ಹೇಳದೆ ಇಲ್ಲ. ಆದರೆ ಬಹು ದೊಡ್ಡ ಕಾರಣವಾಗಿ ಅವರು ಬೆರಳು ತೋರಿಸಿದುದು ಐರೋಪ್ಯರ ನಡತೆಯ ಕಡೆಗೆ. ಕ್ರಿಸ್ತನ ಹೆಸರು ಹೊತ್ತು ಬಂದವರು ಕುಡಿದು ಬೀದಿಯಲ್ಲಿ ಬಿದ್ದರು. ಇಲ್ಲಿಯವರ ಆಚಾರಗಳನ್ನು ತುಳಿದರು. ಹಣಕ್ಕೂ ಭೋಗಕ್ಕೂ ಹಾತೊರೆದರು. ಪಾದ್ರಿಗಳನ್ನು ಸಂನ್ಯಾಸಿಗಳೆಂದು ಗೌರವಿಸುತ್ತಿದ್ದ ಜನ, ಇವರೂ ಆ ಪರಂಗಿಯವರ ಕುಲದವರೇ ಎಂದು ತಿಳಿದ ಕೂಡಲೆ ಮುಖ ತಿರುಗಿಸಿದರು. ಅವರು ಮೊದಲಿನಿಂದಲೂ ಸ್ವಮತದವರ ಸಹವಾಸಕ್ಕೆ ಬೇಲಿ ಹಾಕಿಕೊಂಡುದರ ಕಾರಣ ಇದೇ. ಶೃಂಗೇರಿಯ ಮಠಕ್ಕೆ ಕೈಹಾಕಿದವರು ಶಾರದೆಯ ಭಕ್ತರೇ ಆಗಿದ್ದಂತೆ, ಇಲ್ಲಿ ಕ್ರಿಸ್ತನ ಹೊಲವನ್ನು ಮೇಯ್ದವರು ಕ್ರಿಸ್ತನ ಹೆಸರಿನವರೇ ಆಗಿದ್ದರು. ಬೇಲಿ ಎದ್ದು ಹೊಲ ಮೇಯ್ದುದೆಂದರೆ ಇದು.

1823ರ ಜನವರಿಯಲ್ಲಿ ದುಬ್ವಾ ಅವರು ಭಾರತವನ್ನು ಬಿಟ್ಟರು. 30 ವರ್ಷಗಳ ಬಳಿಕ ಅವರು ಮತ್ತೆ ತಾಯ್ನಾಡನ್ನು ಕಂಡರು. ಕಂಪನಿ ಅವರಿಗೆ ವಿಶ್ರಾಂತಿವೇತನವನ್ನು ಗೊತ್ತುಮಾಡಿತ್ತು. ನಿರಾಶೆಯಿಂದ ಹಿಂದಿರುಗಿದ ಮನುಷ್ಯ ಒಂದು ಮೂಲೆಯಲ್ಲಿ ಕುಳಿತು ಹಳೆಯ ಕಹಿಯನ್ನು ಮೆಲುಕು ಹಾಕಬಹುದಾಗಿತ್ತು, ನಂಬಿಕೆಯನ್ನೇ ಕಳೆದುಕೊಳ್ಳಲೂಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಪ್ಯಾರಿಸಿನಲ್ಲಿ ತಮ್ಮನ್ನು ಕಳುಹಿಸಿದ್ದ ಮಿಷನ್ ಸಂಸ್ಥೆಯ ಗುರುಕುಲವನ್ನೇ ಸೇರಿ, ಪೂರ್ವದೇಶಗಳಿಗೆ ಹೊರಡುವ ತರುಣರನ್ನು ತಯಾರು ಮಾಡುವ ಕೆಲಸದಲ್ಲಿ ತೊಡಗಿದರು. 1826ರಲ್ಲಿ ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದರು. 1836ರಿಂದ 1839ರವರೆಗೆ ಆ ಸಂಸ್ಥೆಯ ಮುಖ್ಯಸ್ಥರಾಗಿದ್ದರು. ಫಲ ಸಿಗಲಾರದೆಂದು ತಾವೇ ಬರೆದಿದ್ದ ಹೊಲಕ್ಕೆ ಆಳುಗಳನ್ನು ಸಿದ್ಧಮಾಡುತ್ತ ಅವರು ಮುಪ್ಪನ್ನು ಕಳೆದರು. ಬುದ್ಧಿಗೆ ಬಂದ ನಿರಾಶೆಯನ್ನು ಅವರು ಕರ್ತವ್ಯದವರೆಗೆ ಬರಗೊಡಲಿಲ್ಲ. ಅವರ ಬೇಲಿಗಳಲ್ಲೆಲ್ಲ ಗಟ್ಟಿಯಾದುದು ಇದೇ ಎಂದು ತೋರುತ್ತದೆ. 1848ರ ಫೆಬ್ರವರಿ 17ರಂದು ಅವರು ಪ್ಯಾರಿಸಿನಲ್ಲಿ ತೀರಿಕೊಂಡರು. ಅದಾದ ಒಂದು ವಾರದೊಳಗೆ ಆ ಪಟ್ಟಣದಲ್ಲಿ ಮತ್ತೊಂದು ಕ್ರಾಂತಿ ನಡೆದು ರಾಜನು ಸಿಂಹಾಸನವನ್ನು ಬಿಟ್ಟು ಓಡಿದನು. ಒಂದು ಕ್ರಾಂತಿಯಲ್ಲಿ ಹೊರಟ ಜೀವ ಇನ್ನೊಂದರ ಹೊಸ್ತಿಲಲ್ಲಿ ಮುಗಿಯಿತು.

ದೊಡ್ಡ ಸ್ವಾಮಿಯವರನ್ನು ಸಂತರೆಂದು ಪೂಜಿಸಲು ನಾನು ಈ ಲೇಖನವನ್ನು ಬರೆಯಲಿಲ್ಲ. ಅವರ ತೀರ್ಪುಗಳಲ್ಲಿ ಎಷ್ಟೋ ನಮಗೆ ಒಪ್ಪಿಗೆಯಾಗವು. ಆದರೆ ತನ್ನ ಧರ್ಮವನ್ನು ಕಾಯಬೇಕೆನ್ನುವವನು ಕಾವಲನ್ನು ಎಲ್ಲಿ ಇಡಬೇಕೆಂಬುದನ್ನು ಅವರ ಗೆಲುವೂ ಸೋಲೂ ಸಮನಾಗಿ ಕಲಿಸುತ್ತವೆ. ನೆರೆಮನೆಯ ಗಂಟೆಯ ಸದ್ದಿನಿಂದ, ಬಾಂಗಿನ ಕೂಗಿನಿಂದ, ಬಸದಿಯ ದೀಪದಿಂದ ಅವರ ನಂಬಿಕೆಗೆ ಕೇಡು ತಟ್ಟಲಿಲ್ಲ. ತಟ್ಟಿದ ಕೇಡೆಲ್ಲ ಸ್ವಜನರ ದುರ್ನಡತೆಯಿಂದ, ಸೋತವರನ್ನು ಹಳಿಯುವ ಗರ್ವದಿಂದ, ಇನ್ನೊಬ್ಬರ ದುಡಿಮೆಗೆ ತನ್ನ ಹೆಸರಿಡುವ ಆಸೆಯಿಂದ, ಫಲ ಕಾಣದೆಂಬ ನಿರಾಶೆಯಿಂದ ಬಂದುದು. ಇವುಗಳಲ್ಲಿ ಕೆಲವನ್ನು ಅವರು ತಡೆದರು, ಕೆಲವನ್ನು ತಡೆಯಲಾರದೆ ಹೋದರು.

ನಮ್ಮ ಊರುಗಳಲ್ಲಿ ಬೇಲಿ ಕಟ್ಟುವವನು ಸಾಮಾನ್ಯವಾಗಿ ತೋಟದ ಹೊರಗೆ ಮುಖಮಾಡಿ ನಿಲ್ಲುತ್ತಾನೆ. ಒಂದೊಂದು ಸಲ ಒಳಕ್ಕೂ ತಿರುಗಿ ನೋಡುವುದು ಒಳ್ಳೆಯದು.